ಸೈನಿಕನ ಕವಿತೆಯೂ ಅವನ ಮನಸ್ಸೂ: ಚಾಮರಾಜನಗರದ ಪುಣಿಸನ ಶಾಸನವನ್ನೂ ಪಂಪನನ್ನೂ ಕುರಿತ ವಿಚಾರ

ಯುದ್ಧವನ್ನು ಕಣ್ಣಾರೆ ಕಂಡು, ಅದರಲ್ಲಿ ಕೈಯಾರೆ ಕಾದಿ, ಅನಂತರ ಅದನ್ನೇ ಕುರಿತು ಕವಿತೆ ರಚಿಸಿದವನನ್ನು ನಾವು ಓದತಕ್ಕ ಬಗೆ ಯಾವುದು? ಕವಿತೆಯನ್ನು ಕವಿತೆಯೆಂದೇ ಭಾವಿಸಿ ಅದರ ರಸ, ರೀತಿ, ಬಂಧಗಳನ್ನು ವಿಚಾರಿಸಬೇಕೆಂಬುದು ಒಂದು ಪಕ್ಷ. ಅದು ನೊಂದ ಮನಸ್ಸಿನ ಕುರುಹಾದುದರಿಂದ ಆ ಮನಸ್ಸಿನ ಸ್ಥಿತಿಯನ್ನೇ ಮೊದಲು ತಿಳಿಯಬೇಕೆಂಬುದು ಮತ್ತೊಂದು ಪಕ್ಷ. ಈ ಎರಡು ಪಕ್ಷಗಳ ವಾದವು ಯೂರೋಪಿನಲ್ಲಿ 1914–18ರ ಮಹಾಯುದ್ಧದಿಂದೀಚೆಗೆ ಬಲಿತದ್ದು. ಕನ್ನಡದಲ್ಲಿ ಈ ವಾದವನ್ನು ಒರೆಗೆ ಹಚ್ಚಲು ತಕ್ಕ ಸಾಮಗ್ರಿಯು ಸಾವಿರ ವರ್ಷಗಳ ಹಿಂದಿನಿಂದಲೂ ಉಂಟು. ಅದರಲ್ಲಿ ಒಂದು ಭಾಗವು ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಕಲ್ಲಿನ ಮೇಲಿದೆ. ಮತ್ತೊಂದು ಗುಂಡ್ಲುಪೇಟೆಯ ಸೀಮೆಯ ವೀರಗಲ್ಲುಗಳಲ್ಲಿದೆ. ಎಲ್ಲಕ್ಕಿಂತ ದೊಡ್ಡ ಭಾಗವು ಪಂಪನ ಎರಡು ಕಾವ್ಯಗಳಲ್ಲಿದೆ. ಇವನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮನಶ್ಶಾಸ್ತ್ರದ ಪಕ್ಷದ ಹುಟ್ಟನ್ನು ಕುರಿತು ಒಂದು ಸಂಗತಿಯನ್ನು ಮೊದಲು ಹೇಳಬೇಕು. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ದಳಗಳ ಕಾಗದಗಳನ್ನು ಒಡೆದು ನೋಡಲು ಸರ್ಕಾರವು ಒಂದು ಕಛೇರಿಯನ್ನು ಏರ್ಪಡಿಸಿತ್ತು. ಅದರ ಮೇಲಧಿಕಾರಿಯಾಗಿದ್ದ ಈ. ಬಿ. ಹೋವೆಲ್ ಎಂಬವರು 1915ರ ಆರಂಭದ ಒಂದು ವರದಿಯಲ್ಲಿ, ಸಿಪಾಯಿಗಳು ಕಾಗದದ ನಡುವೆ ಪದ್ಯಕ್ಕೆ ತಿರುಗುವುದು ಹೆಚ್ಚುತ್ತಿದೆಯೆಂದೂ, ಇದು ಮನಸ್ಸಿನ ಕಳವಳದ ಅಶುಭ ಚಿಹ್ನೆಯೆಂದು ತಮಗೆ ತೋರುತ್ತದೆಯೆಂದೂ ಬರೆದರು. ಸೈನಿಕನ ಪದ್ಯವನ್ನು ರೋಗಲಕ್ಷಣವೆಂದು ಓದಿದ ಮೊದಲಿಗರಲ್ಲಿ ಒಬ್ಬನು ವೈದ್ಯನಲ್ಲ, ವಿಮರ್ಶಕನೂ ಅಲ್ಲ, ಕಾಗದ ಒಡೆದು ನೋಡುವ ಅಧಿಕಾರಿ ಎಂಬುದು ಮರೆಯತಕ್ಕ ಮಾತಲ್ಲ. ದಳದ ಸ್ಥೈರ್ಯವು ಕುಗ್ಗುತ್ತಿದೆಯೇ ಎಂದು ತಿಳಿಯುವುದು ಅವನ ಕೆಲಸವಾಗಿತ್ತು. ಆ ಕಾಗದಗಳ ಮೂಲಗಳು ಬಹುಮಟ್ಟಿಗೆ ಉಳಿದಿಲ್ಲ. ಉಳಿದಿರುವುದು ಅಧಿಕಾರಿಗಳು ಆಯ್ದು ಇಂಗ್ಲಿಷಿಗೆ ತಿರುಗಿಸಿದ ಭಾಗಗಳು. ಅವುಗಳಲ್ಲಿ ಪಂಜಾಬು, ಗಢವಾಲ, ಪಠಾಣರ ಸೀಮೆಗಳ ದನಿಯು ಕೇಳಿಸುತ್ತದೆ. ಮೈಸೂರು ಸಂಸ್ಥಾನದ ಲ್ಯಾನ್ಸರ್ ದಳವು ಈಜಿಪ್ಟಿನ ಕಡೆಗೆ ಹೋಗಿ, 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಹೆಸರಾಯಿತು.

ಹೋವೆಲರ ಊಹೆಗೆ ಶಾಸ್ತ್ರದ ಆಕಾರವನ್ನು ಕೊಟ್ಟವರು ವೈದ್ಯರು. ಎಡಿನ್‌ಬರೋ ನಗರದ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ 1917ರಲ್ಲಿ ಸಿಗ್‌ಫ್ರಿಡ್ ಸಸೂನ್ ಮತ್ತು ವಿಲ್‌ಫ್ರೆಡ್ ಓವೆನ್ ಎಂಬ ಇಬ್ಬರು ಕವಿಗಳು ರೋಗಿಗಳಾಗಿದ್ದರು. ಓವೆನನ ವೈದ್ಯನು ಆರ್ಥರ್ ಬ್ರಾಕ್. ಸಸೂನನನ್ನು ನೋಡಿಕೊಂಡವರು ಡಬ್ಲ್ಯು. ಎಚ್. ಆರ್. ರಿವರ್ಸ್. ಯುದ್ಧದ ನೆನಪುಗಳನ್ನು ಒತ್ತಿಹಿಡಿಯುವುದೇ ರೋಗವನ್ನು ಬೆಳೆಸುತ್ತದೆ, ಅವನ್ನು ಎದುರಿಸಿ ಅವುಗಳಲ್ಲಿ ಸಹಿಸತಕ್ಕ ಒಂದು ಅಂಶವನ್ನು ಕಂಡುಕೊಳ್ಳುವುದರಲ್ಲಿ ಚಿಕಿತ್ಸೆಯಿದೆ ಎಂಬುದು ರಿವರ್ಸರ ಮತ. ಇದನ್ನು ಅವರು 1918ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಅಂದಿನಿಂದ ಓವೆನನ ಪದ್ಯಗಳನ್ನು ಆ ಆಸ್ಪತ್ರೆಯ ಬಾಗಿಲಿನಿಂದಲೇ ಪ್ರವೇಶಿಸುವುದು ವಾಡಿಕೆಯಾಯಿತು. ಇದಕ್ಕೆ ಎದುರಾಗಿ ನಿಂತವರಲ್ಲಿ ಪ್ರಖ್ಯಾತನು ಕವಿ ಯೇಟ್ಸ್. 1936ರಲ್ಲಿ ತಾನು ಸಂಪಾದಿಸಿದ ಆಧುನಿಕ ಪದ್ಯಸಂಕಲನದಿಂದ ಓವೆನನನ್ನು ಹೊರಗಿಟ್ಟು, ಸುಮ್ಮನೆ ಅನುಭವಿಸಿದ ನೋವು ಕಾವ್ಯಕ್ಕೆ ವಸ್ತುವಾಗಲಾರದು ಎಂದು ಕಾರಣ ಕೊಟ್ಟನು. ತೀರ್ಪು ಕಠಿನವಾದುದು, ಓವೆನನ ವಿಷಯದಲ್ಲಿ ತಪ್ಪೂ ಹೌದು. ಆದರೆ ಪ್ರಶ್ನೆ ಮಾತ್ರ ಹುರುಳುಳ್ಳದ್ದು.

ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದ್ದರು. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಕಥೆಯನ್ನು ವಿಚಾರಿಸುತ್ತ ಅಭಿನವಗುಪ್ತನು, ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆನ್ನುತ್ತಾನೆ. ದುಃಖದಿಂದ ಬೆಂದವನಿಗೆ ಪದ್ಯವನ್ನು ಕಟ್ಟುವ ಅವಕಾಶವೆಲ್ಲಿಯದು ಎಂಬುದು ಅವನ ಯುಕ್ತಿ. ಈ ಮಾತನ್ನು ಪೂರ್ತಿಯಾಗಿ ಒಪ್ಪಿದರೆ ಸೈನಿಕನು ಬರೆದ ಕಾವ್ಯಕ್ಕೂ ಸೈನಿಕನಲ್ಲದವನು ಬರೆದ ಯುದ್ಧಕಾವ್ಯಕ್ಕೂ ಭೇದವೇ ಇರುವುದಿಲ್ಲ. ಪಂಪನೂ ರನ್ನನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ. ಓದಿದವರಿಗೆ ಹಾಗೆ ತೋರುವುದಿಲ್ಲ. ಹಾಗಾದರೆ ಆ ಭೇದವು ಎಲ್ಲಿದೆ?

ಭೇದವನ್ನು ಹುಡುಕುವವರು ಸಾಮಾನ್ಯವಾಗಿ ಕವಿಯು ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವ ಕಡೆಯಲ್ಲಿ ಹುಡುಕುತ್ತಾರೆ. ಓವೆನನಲ್ಲಿ 'ನಾನು' ಎಂಬ ಮಾತು ಸ್ಪಷ್ಟವಾಗಿದೆ. ಕಂದಕದ ಕೆಸರಿನಲ್ಲಿ ನಿಂತವನು ಅವನೇ. ನಮ್ಮ ಹಳಗನ್ನಡದ ಯುದ್ಧಪದ್ಯದಲ್ಲಿ ಅಂಥ 'ನಾನು' ಇಲ್ಲ. ಇದ್ದರೂ ಅದು ಬಿರುದಿನ ಉಡುಪನ್ನು ಉಟ್ಟೇ ಬರುತ್ತದೆ. ಭಯವೆಂಬುದು ಯಾವಾಗಲೂ ಶತ್ರುವಿನ ಪಾಲು, ಧೈರ್ಯವೆಂಬುದು ಯಾವಾಗಲೂ ಒಡೆಯನ ಪಾಲು. ಈ ಹಂಚಿಕೆಯು ಎಲ್ಲಿ ಕದಲುತ್ತದೆಯೋ ಅಲ್ಲಿ ನಾವು ನಿಂತು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮೊದಲು ಶಾಸನದಲ್ಲಿ ತೋರಿಸಿ ಆಮೇಲೆ ಕಾವ್ಯಕ್ಕೆ ಹೋಗುವೆವು.

ಚಾಮರಾಜನಗರವು ಆ ಹೆಸರನ್ನು ಪಡೆಯುವುದಕ್ಕೆ ಮುಂಚೆ ಅರಿಕುಠಾರವೆಂಬ ಊರಾಗಿತ್ತು. ಅಲ್ಲಿಯ ಪಾರ್ಶ್ವನಾಥ ಬಸದಿಯ 1117ನೆಯ ವರ್ಷದ ಶಾಸನವನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚು ಮಾಡಿಸಿದರು. ಇದರ ನಾಯಕನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೂ ಸಂಧಿವಿಗ್ರಹಿಯೂ ಆದ ಪುಣಿಸ. ಗಂಗರ ಹಳೆಯ ರಾಜಧಾನಿಯಾದ ತಲಕಾಡು ಆಗತಾನೇ ಚೋಳರ ಕೈಯಿಂದ ಹೊಯ್ಸಳರ ಕೈಗೆ ಬಂದಿದ್ದ ಕಾಲವದು. ದಕ್ಷಿಣದ ಬೆಟ್ಟಸೀಮೆಯನ್ನು ಒಳಗು ಮಾಡುವ ಕೆಲಸವು ಪುಣಿಸನಿಗೆ ಬಿದ್ದಿತು. ಶಾಸನವು ಹೇಳುವ ಪ್ರಕಾರ ಅವನು ತೊದವರನ್ನು ಹೆದರಿಸಿದನು, ಕೊಂಗರನ್ನು ನೆಲದೊಳಕ್ಕೆ ಅಟ್ಟಿದನು, ಪೊಲುವರನ್ನು ಕಡಿದನು, ಮಲೆಯಾಳರನ್ನು ಕೊಂದನು, ಕಾಲನೃಪಾಲನನ್ನು ನಡುಗಿಸಿದನು, ನೀಲಾದ್ರಿಯ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನು. ಮಲೆಯಾಳರ ಬಲವನ್ನು ಬೆನ್ನಟ್ಟಿ ಹಿಡಿದು ಕೇರಳಕ್ಕೆ ಒಡೆಯನಾಗಿ ಮತ್ತೆ ಬಯಲ್ನಾಡಿನಲ್ಲಿ ಕಾಣಿಸಿಕೊಂಡನು. ನೀಲಗಿರಿಯ ಹೆಸರೂ ತೊದವರ ಹೆಸರೂ ದೊರೆಯುವ ಅತಿ ಹಳೆಯ ಬರಹಗಳಲ್ಲಿ ಇದೊಂದು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಗೂಡಲೂರಿಗೆ ಹೋಗುವ ದಾರಿಯನ್ನು ಬಲ್ಲವರಿಗೆ ಈ ದಂಡಯಾತ್ರೆಯ ನೆಲವು ಅಪರಿಚಿತವಲ್ಲ.

ಅಲಂಕಾರದ ದೃಷ್ಟಿಯಿಂದ ನೋಡಿದರೆ ಇದೊಂದು ಕ್ರಿಯಾಪದಗಳ ಸರಪಳಿ. ಪ್ರತಿಯೊಂದು ಜನಕ್ಕೂ ಒಂದೊಂದು ಕ್ರಿಯೆ, ಒಂದರಂತೆ ಮತ್ತೊಂದಿಲ್ಲ. ಹೆದರಿಸುವುದು, ಅಟ್ಟುವುದು, ಕಡಿಯುವುದು, ಕೊಲ್ಲುವುದು, ನಡುಗಿಸುವುದು. ಶಾಸನಕವಿಗಳಿಗೆ ಇದು ರೂಢವಾದ ಜಾಡು, ಅದರಲ್ಲಿ ಈ ಕವಿಯು ನುರಿತವನು. ಆದರೆ ತೊದವರ ಪಾಲಿಗೆ ಬಂದ ಕ್ರಿಯೆಯನ್ನು ಸ್ವಲ್ಪ ಗಮನಿಸೋಣ. ಕೊಂದನೆಂದಲ್ಲ, ಗೆದ್ದನೆಂದೂ ಅಲ್ಲ, ಹೆದರಿಸಿದನು. ಎಮ್ಮೆಗಳನ್ನು ಮೇಯಿಸಿಕೊಂಡು ಬಾಳುವ ಜನರಾದ ತೊದವರಲ್ಲಿ ಬಿಲ್ಲುಬಾಣವು ಬಸುರಿಯ ಸಂಸ್ಕಾರದಲ್ಲಿ ಕೊಡುವ ವಸ್ತುವಾಗಿ ಉಳಿದಿತ್ತೇ ಹೊರತು ಕಾದುವ ಆಯುಧವಾಗಿರಲಿಲ್ಲವೆಂದು, ಅವರ ನಡುವೆ 1901–02ರಲ್ಲಿ ಇದ್ದು 1906ರಲ್ಲಿ ದೊಡ್ಡ ಗ್ರಂಥವನ್ನು ಬರೆದ ವಿದ್ವಾಂಸನ ವರ್ಣನೆಯಿಂದ ತಿಳಿಯುತ್ತದೆ. ಆ ವಿದ್ವಾಂಸನು ಮತ್ತಾರೂ ಅಲ್ಲ, ಹದಿನೈದು ವರ್ಷಗಳ ಅನಂತರ ಕ್ರೇಗ್‌ಲಾಕ್‌ಹಾರ್ಟಿನಲ್ಲಿ ಸಸೂನನಿಗೆ ವೈದ್ಯನಾದ ರಿವರ್ಸ್. ಸೈನಿಕರ ಭಯವನ್ನು ಶಾಸ್ತ್ರದ ವಿಷಯವನ್ನಾಗಿ ಮಾಡಿದವನೂ, ನಮ್ಮ ಶಾಸನದಲ್ಲಿ ಭಯಕ್ಕೆ ಪಾತ್ರರಾದ ಜನವನ್ನು ಬಲ್ಲವನೂ ಒಬ್ಬನೇ. ಇಪ್ಪತ್ತನೆಯ ಶತಮಾನದ ತೊದವರನ್ನು ಹನ್ನೆರಡನೆಯ ಶತಮಾನಕ್ಕೆ ಹಾಗೆಯೇ ಒಯ್ಯುವುದು ಸಾಹಸವೇ ಸರಿ. ಆದರೂ ಎಮ್ಮೆಯ ಮಂದೆಯ ಮೇಲೆ ಬಂದ ದಂಡು ಎಂಬ ಚಿತ್ರವು ಒಮ್ಮೆ ಮೂಡಿದ ಮೇಲೆ 'ಹೆದರಿಸಿದನು' ಎಂಬ ಕ್ರಿಯೆಯ ಬಿರುಸು ಇಳಿದುಹೋಗುತ್ತದೆ.

ಈ ತೊದವರಿಗೂ ಕಾವ್ಯವುಂಟು. 1930ರ ದಶಕದಲ್ಲಿ ನೀಲಗಿರಿಯಲ್ಲಿದ್ದು ಕೆಲಸ ಮಾಡಿದ ಎಂ. ಬಿ. ಎಮೆನೋ ಅವರು ತೊದವರ ಹಾಡುಗಳನ್ನು ಸಂಗ್ರಹಿಸಿ 1971ರಲ್ಲಿ ಪ್ರಕಟಿಸಿದರು. ಆ ಹಾಡುಗಳು ಆದ್ಯಂತವಾಗಿ ಸಿದ್ಧ ಪದಪುಂಜಗಳ ಜೋಡಣೆ. ಜೋಡಿ ಜೋಡಿಯಾಗಿ ಬರುವ ಆ ಮಾತುಗಳನ್ನು ಬಿಟ್ಟು ಹಾಡುವಂತೆಯೇ ಇಲ್ಲ. ಸಾವಿನ ಹಾಡಿನಲ್ಲಿಯೂ ಇದೇ ನಿಯಮ. ಅಳುವವನು ಹಳೆಯ ಮಾತುಗಳಿಂದಲೇ ಅಳುತ್ತಾನೆ, ಕೇಳುವವರು ಅದರಿಂದಲೇ ಯಾರ ಸಾವೆಂದು ತಿಳಿಯುತ್ತಾರೆ. ರೂಢಿಯ ಮಾತು ಬಂದರೆ ಭಾವವಿಲ್ಲವೆಂದು ನಿರ್ಣಯಿಸುವ ನಮ್ಮ ವಿಮರ್ಶಕರು ಇದನ್ನು ನೋಡಬೇಕು. 'ಇದು ಕವಿಸಮಯ' ಎಂದು ಅಂಚಿನಲ್ಲಿ ಬರೆದು ಪುಟ ತಿರುಗಿಸುವುದು ಸುಲಭ. ಆ ಕವಿಸಮಯವು ಅಲ್ಲಿ ಏನನ್ನು ಹೊರುತ್ತಿದೆ ಎಂಬುದನ್ನು ಕೇಳುವವರು ವಿರಳ.

ಪುಣಿಸನ ಶಾಸನದಲ್ಲಿ ಇನ್ನೊಂದು ಭಾಗವಿದೆ. ಬಂಡವಾಳವನ್ನು ಕಳೆದುಕೊಂಡು ಕೆಟ್ಟ ವ್ಯಾಪಾರಿಗೂ, ಬಿತ್ತುವುದಕ್ಕೆ ಬೀಜವಿಲ್ಲದ ಒಕ್ಕಲಿಗನಿಗೂ, ಅಧಿಕಾರವನ್ನು ಕಳೆದುಕೊಂಡು ಆಳಾಗಿ ನಿಂತ ಕಿರಾತನಾಯಕನಿಗೂ ಅವರವರು ಕಳೆದುಕೊಂಡುದನ್ನು ಕೊಟ್ಟು ಅವನು ಸಲಹಿದನೆಂದು ಅದು ಹೇಳುತ್ತದೆ. ಗಂಗವಾಡಿಯ ಬಸದಿಗಳನ್ನು ಗಂಗರ ಕಾಲದಂತೆ ಅಲಂಕರಿಸಿದನೆಂದೂ ಹೇಳುತ್ತದೆ. ಬಸದಿಗಳ ಮಾತು ನಿರೀಕ್ಷಿತವೇ. ದಾನಶೂರತ್ವವೂ ಪ್ರಶಸ್ತಿಯ ಸಾಮಾನ್ಯ ಅಂಗವೇ. ಸಾವಿರಾರು ಶಾಸನಗಳಲ್ಲಿ ದಾನಿಯು ಕಲ್ಪವೃಕ್ಷವಾಗುತ್ತಾನೆ, ಕಾಮಧೇನುವಾಗುತ್ತಾನೆ. ಇಲ್ಲಿ ಕಲ್ಪವೃಕ್ಷವಿಲ್ಲ, ಬಿತ್ತನೆಯ ಬೀಜವಿದೆ. ಯುದ್ಧವು ಹಾದುಹೋದ ನಾಡಿನಲ್ಲಿ ಮುಂದಿನ ಮಳೆಗೆ ಏನಾಗುತ್ತದೆ ಎಂಬುದನ್ನು ನೋಡಿದವನಿಗಲ್ಲದೆ ಈ ಮೂರು ಜನರನ್ನು ಈ ಕ್ರಮದಲ್ಲಿ ಆರಿಸುವ ಬುದ್ಧಿ ಬರುವುದು ಕಷ್ಟ. ತಿಂದು ಮುಗಿದ ದವಸವು ಒಂದು ನಷ್ಟ, ಬೀಜದ ದವಸವು ಹೋಗುವುದು ಮತ್ತೊಂದು ನಷ್ಟ. ರೈತಾಪಿ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವರನ್ನು ಕೆಡಿಸಿದ ಯುದ್ಧವು ಯಾರದು ಎಂಬ ಪ್ರಶ್ನೆ ಓದುಗನಲ್ಲಿ ತಾನಾಗಿ ಏಳುತ್ತದೆ. ಪ್ರಶಸ್ತಿಯೆಂಬ ಜಾತಿಯಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ.

ಮನಶ್ಶಾಸ್ತ್ರದ ಪಕ್ಷದವರು ಇಲ್ಲಿ ಒಡನೆಯೇ ಹೇಳಬಹುದು: ಪುಣಿಸನ ಅಂತರಂಗದಲ್ಲಿ ಪಾಪಭೀತಿಯಿತ್ತು, ಜೈನನಾದ ಅವನಿಗೆ ಕೊಲೆಯ ಹೊರೆ ತಾಳಲಾರದಾಯಿತು, ಬೀಜದಾನವು ಅದರ ಪ್ರಾಯಶ್ಚಿತ್ತ ಎಂದು. ನಾವು ಅಷ್ಟು ದೂರ ಹೋಗಲಾರೆವು. ಪದ್ಯವನ್ನು ಕಟ್ಟಿದವನು ದಂಡನಾಯಕನಲ್ಲ, ಅವನನ್ನು ಹೊಗಳಿದ ಕವಿ. ಅದರಿಂದ ಒಬ್ಬನ ಮನಸ್ಸಿನ ಒಳಗನ್ನು ಅಳೆಯುವುದು ನೆರಳನ್ನು ಹಿಡಿದು ಎತ್ತರವನ್ನು ಹೇಳಿದಂತೆ. ನಾವು ಹೇಳತಕ್ಕುದು ಇಷ್ಟೇ: ಗೆಲವಿನ ಪಟ್ಟಿಯನ್ನು ಕೆತ್ತಿಸಿದ ಕಲ್ಲೇ ಗೆಲವಿನ ಅನಂತರದ ನಾಡನ್ನೂ ಒಳಗೆ ಬಿಟ್ಟುಕೊಂಡಿದೆ. ಈ 'ಅನಂತರ' ಎಂಬುದು ಮುಂದಿನ ವಿಚಾರಕ್ಕೆ ಕೀಲಿಯಾಗಿದೆ.

ವೀರಗಲ್ಲುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಸೀಮೆಯ ಶಾಸನಗಳು ರೈಸರ ಒಂದೇ ಸಂಪುಟದಲ್ಲಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮುದ್ರಣದಲ್ಲಿ ಗುಂಡ್ಲುಪೇಟೆಯವು ಮೂರನೆಯ ಸಂಪುಟದಲ್ಲಿಯೂ ಚಾಮರಾಜನಗರದವು ನಾಲ್ಕನೆಯದರಲ್ಲಿಯೂ ಬಂದಿವೆ. ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂದು ಕನ್ನಡನಾಡಿನ ವೀರಗಲ್ಲುಗಳು ಹೇಳುವ ಕಾರಣಗಳು ಕೆಲವೇ. ಕಾದಿದನು, ಇರಿದನು, ಸತ್ತನು, ಸ್ವರ್ಗಸ್ಥನಾದನು ಎಂಬ ಕ್ರಿಯೆಗಳೂ ಕೆಲವೇ. ಕೆಳಗೆ ಕಾಳಗ, ನಡುವೆ ವಿಮಾನದಲ್ಲಿ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಇವು ಯುದ್ಧದ ಸಾಹಿತ್ಯವೆಂಬುದು ನಿಜ, ಆದರೆ ಸೈನಿಕನ ಸಾಹಿತ್ಯವಲ್ಲ. ಇಲ್ಲಿಯ ಸೈನಿಕನು ಬರೆಯಲಾರದವನು, ಸತ್ತವನು. ಬರೆಸಿದವರು ಬಂಧುಗಳು, ಊರವರು, ಒಡೆಯರು. ಅವನಿಗೂ ಒಡೆಯನಿಗೂ ಇದ್ದ ಸಂಬಂಧವನ್ನು ಹಳಗನ್ನಡವು 'ಜೋಳದ ಪಾಳಿ' ಎಂದು ಕರೆಯಿತು, ಉಂಡ ಅನ್ನದ ಋಣ. ಕೀರ್ತಿ, ಸ್ವರ್ಗ ಮೊದಲಾದ ದೊಡ್ಡ ಮಾತುಗಳ ನಡುವೆ ಈ ಅನ್ನದ ಮಾತು ನೆಲಕ್ಕೆ ಹತ್ತಿರವಾದುದು. ಸಿಪಾಯಿಯ ಮನಸ್ಸಿಗೆ ಅದು ಎಷ್ಟು ಹತ್ತಿರವೆಂಬುದು ಪಂಪನ ಕರ್ಣನಲ್ಲಿ ಕಾಣುತ್ತದೆ.

ಪಂಪನು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಯೋಧನೂ ಆಗಿದ್ದನೆಂಬುದು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವ ಮಾತು. ಹುಟ್ಟಿದ್ದು 902ರಲ್ಲಿ, ಆದಿಪುರಾಣವು ಮುಗಿದದ್ದು 941ರಲ್ಲಿ, ವಿಕ್ರಮಾರ್ಜುನ ವಿಜಯವೂ ಅದೇ ಕಾಲದ್ದು. ಎರಡನೆಯ ಕಾವ್ಯದಲ್ಲಿ ಅರಿಕೇಸರಿಯೇ ಅರ್ಜುನ. ಇದರ ಪರಿಣಾಮವನ್ನು ನಾವು ಸಾಮಾನ್ಯವಾಗಿ ರಾಜಭಕ್ತಿಯ ಕಡೆಯಿಂದ ನೋಡುತ್ತೇವೆ. ಸೈನಿಕನ ಕಡೆಯಿಂದ ನೋಡಿದರೆ ಅದು ಬೇರೆಯಾಗಿ ತೋರುತ್ತದೆ. ಒಡೆಯನು ಅರ್ಜುನನಾದ ಮೇಲೆ ಅರ್ಜುನನಿಗೆ ಭಯವಿರುವಂತಿಲ್ಲ, ಸಂಶಯವಿರುವಂತಿಲ್ಲ, ಯುದ್ಧದ ಕೊನೆಯಲ್ಲಿ ಅವನು ಕುಸಿದು ಅಳುವಂತಿಲ್ಲ. ಹಾಗಾದರೆ ರಣಭೂಮಿಯನ್ನು ಬಲ್ಲ ಕವಿಯು ತಾನು ಕಂಡ ದುಃಖವನ್ನು ಯಾರ ಬಾಯಲ್ಲಿ ಇಡಬೇಕು? ಉಳಿದಿರುವುದು ಎದುರು ಪಾಳೆಯವೊಂದೇ. ಅನ್ನದ ಋಣಕ್ಕೆ ಕಟ್ಟುಬಿದ್ದು, ಸೋಲು ನಿಶ್ಚಯವೆಂದು ಬಲ್ಲವನಾಗಿಯೂ ಬಿಟ್ಟುಹೋಗದೆ, ತಾಯಿಗೆ ಕೊಟ್ಟ ಮಾತಿನಿಂದ ಕೈಯನ್ನೂ ಕಟ್ಟಿಕೊಂಡು ಕಾದುವ ಕರ್ಣನು ಹೀಗೆ ಕಾವ್ಯದ ಹೃದಯವಾದನು.

ಕರ್ಣನ ಪ್ರಸಂಗಗಳಲ್ಲಿ ಸೈನಿಕನ ಅನುಭವವು ಎಷ್ಟೋ ಕಡೆ ಇಣಿಕುತ್ತದೆ. ಭೀಷ್ಮನಿಗೆ ಪಟ್ಟ ಕಟ್ಟುವಾಗ ಹಿರಿಯರ ಮುಪ್ಪನ್ನು ಹೀಯಾಳಿಸುವ ಕರ್ಣ, ಆ ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ ಅವನ ಬಳಿಗೆ ಬಂದು ತಲೆಬಾಗುವ ಕರ್ಣ, ಇವರಿಬ್ಬರೂ ಒಂದೇ ದಂಡಿನಲ್ಲಿ ಕಾಣಸಿಗುವ ಮನುಷ್ಯರು. ಯುದ್ಧಕ್ಕೆ ಮುಂಚಿನ ಕಿಡಿನುಡಿಯೂ ಯುದ್ಧ ತಗುಲಿದ ಮೇಲಿನ ಮೌನವೂ ಒಬ್ಬನಲ್ಲಿಯೇ ಇರುವುದು ಪುಸ್ತಕದಿಂದ ಮಾತ್ರ ತಿಳಿಯುವ ಸಂಗತಿಯಲ್ಲ. ಇದು ವ್ಯಾ‌ಸಭಾರತದಲ್ಲಿಯೂ ಇದೆಯೆಂದು ಯಾರಾದರೂ ಹೇಳಬಹುದು. ಇದೆ, ಪಂಪನು ತನ್ನ ಕಾವ್ಯದ ಭಾರವನ್ನು ಅದರ ಮೇಲೆ ಇಟ್ಟನೆಂಬುದೇ ವಿಶೇಷ.

ಇನ್ನು ಹೆಚ್ಚು ಬಲವಾದ ಆಕ್ಷೇಪವೊಂದಿದೆ. ದಂಡಿಯು ಕಾವ್ಯಾದರ್ಶದಲ್ಲಿ, ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ ಅಂಥವನನ್ನು ಗೆದ್ದನೆಂದು ಹೇಳುವುದರಿಂದ ನಾಯಕನ ಉತ್ಕರ್ಷವು ಹೆಚ್ಚುತ್ತದೆಂದು ಹೇಳಿದ್ದಾನೆ. ಕವಿರಾಜಮಾರ್ಗದ ಮೂಲಕ ದಂಡಿಯ ಮತವು ಕನ್ನಡದ ಕವಿಗಳಿಗೆ ಮನೆಮಾತಾಗಿತ್ತು. ಹೀಗಿರಲಾಗಿ ಕರ್ಣನ ಹಿರಿಮೆಯು ಅರಿಕೇಸರಿಯ ಹಿರಿಮೆಗೆ ಹಾಕಿದ ಮೆಟ್ಟಿಲೇ ಹೊರತು ಸೈನಿಕನ ಅಳಲಲ್ಲ ಎಂಬುದು ಆಕ್ಷೇಪ. ಇದಕ್ಕೆ ನಮ್ಮ ಸಮಾಧಾನವು ಕಾಲವನ್ನು ಅವಲಂಬಿಸಿದೆ. ಶತ್ರುವನ್ನು ಹೊಗಳಿ ನಾಯಕನನ್ನು ಎತ್ತುವ ಹೊಗಳಿಕೆಯು ಗೆಲವಿಗೆ ಮುಂಚೆ ಬರಬೇಕು. ಮೆಟ್ಟಿಲು ಇರತಕ್ಕುದು ಹತ್ತುವುದಕ್ಕೆ ಮೊದಲು. ಪಂಪನಲ್ಲಿ ಅತ್ಯಂತ ತೀವ್ರವಾದ ಮಾತುಗಳು ಬರುವುದು ಹನ್ನೆರಡನೆಯ ಆಶ್ವಾಸದಲ್ಲಿ, ಕರ್ಣನು ಬಿದ್ದಾದಮೇಲೆ. ಭಾರತದಲ್ಲಿ ನೆನಪಿಗೆ ಅರ್ಹನಾದವನು ಯಾರೆಂದು ಕವಿಯು ಓದುಗನನ್ನೇ ಸಂಬೋಧಿಸಿ ಹೇಳುವ ಆ ಪ್ರಸಿದ್ಧ ಪದ್ಯವು ಗೆದ್ದವನಿಗೆ ಏನನ್ನೂ ಕೂಡಿಸುವುದಿಲ್ಲ, ಸ್ವಲ್ಪ ಕಳೆಯುತ್ತದೆ. ಅರಿಕೇಸರಿಯು ಅದನ್ನು ಕೇಳಿ ಸುಮ್ಮನಿದ್ದುದು ಅವನ ರಸಿಕತೆಗೆ ಭೂಷಣ.

ಕಾವ್ಯದ ಕೊನೆಗೆ ಬಂದಾಗ ಪಂಪನು ಒಂದು ಲೆಕ್ಕವನ್ನು ಒಪ್ಪಿಸುತ್ತಾನೆ. ಯಾವ ಯಾವ ಗುಣದಲ್ಲಿ ಯಾರು ಯಾರು ಹೆಚ್ಚು ಎಂದು ಹೆಸರಿಸುವ ಪದ್ಯವದು. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಪೌರುಷಕ್ಕೆ ಭೀಮ, ಬಲಕ್ಕೆ ಶಲ್ಯ, ಔನ್ನತ್ಯಕ್ಕೆ ಭೀಷ್ಮ, ಬಿಲ್ವಿದ್ಯೆಗೆ ದ್ರೋಣ, ಸಾಹಸಕ್ಕೆ ಅರ್ಜುನ, ಧರ್ಮಕ್ಕೆ ಧರ್ಮರಾಯ. ಎಂಟು ಹೆಸರುಗಳಲ್ಲಿ ಐದು ಸೋತ ಪಕ್ಷದವು, ಮೊದಲ ಎರಡು ಹೆಸರೂ ಆ ಪಕ್ಷದವೇ. ಒಡೆಯನ ಪ್ರತಿರೂಪವಾದ ಅರ್ಜುನನ ಹೆಸರು ಏಳನೆಯದು. ಛಂದಸ್ಸಿನ ಅನುಕೂಲಕ್ಕಾಗಿ ಹೀಗಾಯಿತೆಂದು ಹೇಳುವವರು ಪಂಪನ ಕೈಯನ್ನು ಅರಿಯದವರು. ಮಹಾಯುದ್ಧದ ಕವಿಗಳಲ್ಲಿಯೂ ಇದೇ ಬಗೆ ಕಂಡುಬರುತ್ತದೆ: ಹಿಂದೆ ಉಳಿದು ಆಜ್ಞೆ ಕೊಡುವ ತನ್ನ ಪಕ್ಷದವನಿಗಿಂತ ಎದುರಿನ ಕಂದಕದಲ್ಲಿ ಬಿದ್ದವನು ಅವರಿಗೆ ಹತ್ತಿರದವನಾಗುತ್ತಾನೆ. ಬದುಕಿ ಉಳಿದವನ ಪಶ್ಚಾತ್ತಾಪವೆಂದು ಮನಶ್ಶಾಸ್ತ್ರವು ಇದಕ್ಕೆ ಹೆಸರಿಟ್ಟಿದೆ. ಹೆಸರನ್ನು ಇಡುವುದರಿಂದ ಪದ್ಯವು ವಿಶದವಾಗುವುದಿಲ್ಲ. ಆದರೆ ಪದ್ಯದ ಕ್ರಮವನ್ನು ಮೊದಲು ಕಂಡು ಆಮೇಲೆ ಆ ಹೆಸರನ್ನು ನೆನೆದರೆ ತಪ್ಪೇನೂ ಇಲ್ಲ. ಕ್ರಮವು ತಲೆಕೆಳಗಾದಾಗ ಮಾತ್ರ ಅನರ್ಥ.

ಆ ಅನರ್ಥಕ್ಕೆ ಒಳ್ಳೆಯ ನಿದರ್ಶನವಾಗಬಲ್ಲವನು ಚಾವುಂಡರಾಯ. ಕನ್ನಡದಲ್ಲಿ ದಂಡನಾಯಕನೇ ಗ್ರಂಥಕರ್ತನಾದ ಉದಾಹರಣೆಗಳಲ್ಲಿ ಅವನು ಅಗ್ರಗಣ್ಯ. 978ರಲ್ಲಿ ಮುಗಿಸಿದ ತನ್ನ ಗದ್ಯಪುರಾಣದಲ್ಲಿ ಅವನು ತನ್ನ ಬಿರುದುಗಳನ್ನು ಅವು ದೊರೆತ ಕಾಳಗಗಳೊಡನೆ ಹೇಳಿಕೊಂಡಿದ್ದಾನೆ. ಖೇಡಗದ ಕಾಳಗದಿಂದ ಸಮರಧುರಂಧರ, ಗೋನೂರ ಬಯಲಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡ, ಉಚ್ಚಂಗಿಯ ಕೋಟೆಯಿಂದ ರಣರಂಗಸಿಂಗ. ಇವುಗಳ ನಡುವೆ ಸಮರಪರಶುರಾಮನೆಂಬ ಬಿರುದೂ ಇದೆ. ತನ್ನ ತಮ್ಮ ನಾಗವರ್ಮನನ್ನು ಕೊಂದ ಚಲದಂಕಗಂಗ ಮುದುರಾಚಯ್ಯನನ್ನು ಕೊಂದುದಕ್ಕಾಗಿ ಅದು ಬಂದಿತು. ಉಳಿದ ಬಿರುದುಗಳ ಧಾಟಿಯಲ್ಲಿಯೇ ಈ ಬಿರುದೂ ಬರುತ್ತದೆ, ದನಿಯು ಎಲ್ಲಿಯೂ ಏರುವುದಿಲ್ಲ. ಅನಂತರ ಪುರಾಣವು ಅರವತ್ತಮೂವರು ಶಲಾಕಾಪುರುಷರ ಕಥೆಗೆ ಹೋಗುತ್ತದೆ.

ಈ ದಂಡನಾಯಕನೇ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನು; ಗೊಮ್ಮಟನಾದರೋ ಅಣ್ಣನನ್ನು ಗೆದ್ದ ಕ್ಷಣದಲ್ಲಿಯೇ ಗೆಲವನ್ನು ಬಿಟ್ಟುಕೊಟ್ಟವನು. ತಮ್ಮನ ಸಾವು, ಸೇಡು, ವೈರಾಗ್ಯದ ಮೂರ್ತಿ ಎಂದು ಮೂರನ್ನು ಒಂದೇ ದಾರಕ್ಕೆ ಪೋಣಿಸಿದರೆ ಸೊಗಸಾದ ಮನಶ್ಚರಿತ್ರೆಯೊಂದು ಸಿದ್ಧವಾಗುತ್ತದೆ. ಅದನ್ನು ಬರೆಯಬೇಕೆಂಬ ಆಸೆ ಯಾರಿಗೂ ಆಗಬಹುದು. ಆದರೆ ಗ್ರಂಥದಲ್ಲಿ ಅದಕ್ಕೆ ಆಧಾರವಿಲ್ಲ. ದನಿಯು ಏರದಿರುವುದನ್ನೇ ಒತ್ತಿಹಿಡಿದ ದುಃಖವೆಂದು ವಾದಿಸುವವರಿಗೆ ಯಾವ ಶಾಸನವಾದರೂ ಸಾಕ್ಷಿಯಾದೀತು, ಮೌನವೂ ಸಾಕ್ಷಿ, ಮಾತೂ ಸಾಕ್ಷಿ. ಎಲ್ಲವೂ ಸಾಕ್ಷಿಯಾಗುವ ಕಡೆ ಪರೀಕ್ಷೆಯೇ ಇಲ್ಲ. ಪಂಪನಲ್ಲಿ ನಾವು ತೋರಿಸಿದುದು ಮೌನವನ್ನಲ್ಲ, ಪದ್ಯದ ಸ್ಥಾನವನ್ನು, ಹೆಸರುಗಳ ಕ್ರಮವನ್ನು. ಇವನ್ನು ಪುಸ್ತಕ ತೆರೆದು ಯಾರಾದರೂ ಎಣಿಸಬಹುದು.

ಉಪಾಧ್ಯಾಯರಿಗೆ ಒಂದು ಮಾತು. ಕಾಳಗದ ಭಾಗವು ಪಠ್ಯವಾಗಿ ಬಂದಾಗ 'ಇದರಲ್ಲಿಯ ರಸವಾವುದು' ಎಂದು ಕೇಳಿ, 'ವೀರ' ಎಂಬ ಉತ್ತರವನ್ನು ಪಡೆದು ಮುಂದಕ್ಕೆ ಹೋಗುವುದು ತರಗತಿಗಳಲ್ಲಿ ವಾಡಿಕೆ. ಇದರ ಬದಲು, ಭಯ ಯಾರದು, ಅಳು ಯಾರದು, ಅದು ಗೆಲವಿಗೆ ಮೊದಲೋ ಅನಂತರವೋ ಎಂದು ಕೇಳಿದರೆ ವಿದ್ಯಾರ್ಥಿಯು ಪದ್ಯವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ. ಚಾಮರಾಜನಗರದ ಕಡೆಯ ವಿದ್ಯಾಲಯಗಳಿಗಂತೂ ಬಸದಿಯು ಊರೊಳಗೇ ಇದೆ.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೊಫೋಕ್ಲೀಸನ 'ಅಯಾಸ್' ನಾಟಕವನ್ನು ಆಧರಿಸಿ 'ಅಶ್ವತ್ಥಾಮನ್' ಬರೆದುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಸೊಫೋಕ್ಲೀಸನು ಕ್ರಿ. ಪೂ. 441–40ರಲ್ಲಿ ಅಥೆನ್ಸಿನ ದಂಡನಾಯಕರಲ್ಲೊಬ್ಬನಾಗಿದ್ದವನು. ಅಮೆರಿಕದಲ್ಲಿ ಜೊನಾಥನ್ ಶೇ ಎಂಬ ವೈದ್ಯರು 1994ರಲ್ಲಿ ಹೋಮರನ ಅಖಿಲೀಸನನ್ನು ವಿಯೆಟ್ನಾಮಿನಿಂದ ಮರಳಿದ ಸೈನಿಕರೊಡನೆ ಹೋಲಿಸಿ ಗ್ರಂಥ ಬರೆದರು. 2008ರಿಂದೀಚೆಗೆ ಅಲ್ಲಿಯ ಸೈನಿಕರ ಮುಂದೆ 'ಅಯಾಸ್' ನಾಟಕವನ್ನೇ ಓದಿಸುವ ಏರ್ಪಾಡು ನಡೆಯಿತು. ಯುದ್ಧ ಮುಗಿದ ಮೇಲೆ ಕೆಡುವ ವೀರನನ್ನು ಶ್ರೀಯವರು ಅದಕ್ಕೆ ಎಷ್ಟೋ ಮುಂಚೆ ಸೋತ ಕುರುಪಾಳೆಯದಲ್ಲಿ ಹುಡುಕಿ ತೆಗೆದರು. ಅಯಾಸನಾದರೋ ಗೆಲ್ಲುವ ಗ್ರೀಕರ ಪಕ್ಷದವನು. ಮೂಲದಲ್ಲಿ ಗೆಲ್ಲುವ ದಂಡಿನಲ್ಲಿದ್ದವನು ಕನ್ನಡಕ್ಕೆ ಬರುವಾಗ ಸೋತ ಪಕ್ಷಕ್ಕೆ ಸರಿದನು. ಮೂರು ವರ್ಷಗಳ ಹಿಂದೆ, 1926ರಲ್ಲಿ, ರನ್ನನ ದುರ್ಯೋಧನನನ್ನು 'ಗದಾಯುದ್ಧ ನಾಟಕಂ' ಎಂದು ರಂಗಕ್ಕೆ ತಂದವರೂ ಅವರೇ ಆದುದರಿಂದ ಈ ಸ್ಥಳಾಂತರವು ಆಕಸ್ಮಿಕವಲ್ಲ. ಪಂಪನು ತೆಗೆದ ಜಾಡಿನಲ್ಲಿಯೇ ಅದು ನಡೆದಿದೆ.

ಆದಿಪುರಾಣದ ಒಂದು ಪ್ರಸಂಗವು ಉಳಿದಿದೆ. ಷಟ್ಖಂಡವನ್ನು ಗೆದ್ದ ಭರತನು ತನ್ನ ಪ್ರಶಸ್ತಿಯನ್ನು ಬರೆಸಲು ವೃಷಭಾಚಲಕ್ಕೆ ಹೋಗುತ್ತಾನೆ. ತನ್ನಂಥ ವಿಜಯಿ ಹಿಂದೆ ಇರಲಿಲ್ಲವೆಂಬ ಹೆಮ್ಮೆಯಿಂದ ಹೋದವನಿಗೆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳೇ ಕಾಣುತ್ತವೆ. ತನ್ನದನ್ನು ಬರೆಸಲು ಎಡೆಯಿಲ್ಲದೆ ಒಂದನ್ನು ಅಳಿಸಬೇಕಾಗುತ್ತದೆ. ಕಥೆಯು ಪಂಪನದಲ್ಲ, ಜಿನಸೇನನ ಪೂರ್ವಪುರಾಣದಿಂದ ಬಂದುದು. ಆದರೆ ಕತ್ತಿಯನ್ನೂ ಕಂಠವನ್ನೂ ಒಡೆಯನಿಗೆ ಕೊಟ್ಟಿದ್ದ ಕವಿಯು, ಪ್ರಶಸ್ತಿ ಬರೆಯುವುದೇ ವೃತ್ತಿಯಾಗಿದ್ದ ಕಾಲದಲ್ಲಿ, ಆ ಬಂಡೆಯ ಮುಂದೆ ಭರತನ ಗರ್ವವು ಕರಗುವವರೆಗೆ ಅವನನ್ನು ನಿಲ್ಲಿಸಿದ್ದಾನೆ. ಪುಣಿಸನ ಶಾಸನವನ್ನು ರಚಿಸಿದ ಕವಿಯು ಈ ಭಾಗವನ್ನು ಓದಿದ್ದನೋ ಇಲ್ಲವೋ, ಜೈನನಾದ ಪುಣಿಸನಿಗೆ ಈ ಕಥೆಯು ತಿಳಿದಿರದೆ ಇರದು.